ಊರಿನ ದಾರಿಯಲ್ಲಿ ಇಳಿಯಬೇಕಾದ ಊರುಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವವರು ಸಾಮಾನ್ಯವಾಗಿ ಪಂಡಿತರು, ಇಲ್ಲವೇ ಕವಿಗಳು. ನಾವಾದರೋ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ದಿನವಿಡೀ ಅಂಕಿಗಳನ್ನು ಕೂಡುವವರು. ಬಿ.ಕಾಂ. ಓದಿದವರಿಗೆ ಶಾಸನ, ದೇವಾಲಯಗಳ ಮಾತು ಏತಕ್ಕೆ ಎಂದು ತಾವು ಕೇಳಬಹುದು. ಆದರೆ ಕಾರ್ಯದರ್ಶಿಗಳು ನಮಗೆ ಒಪ್ಪಿಸಿರುವ ವಿಷಯ ಚರಿತ್ರೆಯಲ್ಲ, ಪ್ರವಾಸದ ಲೆಕ್ಕ. ಕಳೆದ ಜನವರಿಯಲ್ಲಿ ನಮ್ಮ ಸಂಘದ ನಾಲ್ಕು ಮನೆಗಳವರು, ಎಪ್ಪತ್ತನಾಲ್ಕರ ಅಜ್ಜಿಯಿಂದ ಹಿಡಿದು ಒಂದನೆಯ ತರಗತಿಯ ಮಗುವಿನವರೆಗೆ ಹದಿಮೂರು ಮಂದಿ, ರೈಲಿನಲ್ಲಿ ವಿಜಯಪುರ, ಬಾದಾಮಿ, ಹಂಪಿಗಳನ್ನು ನೋಡಿಕೊಂಡು ಬಂದೆವು. ಅದನ್ನು ಹೇಗೆ ಹೊಂದಿಸಿದಿರಿ, ಎಷ್ಟು ದಿನ ಹಿಡಿಯಿತು, ಮುದುಕರನ್ನೂ ಮಕ್ಕಳನ್ನೂ ಹೇಗೆ ಸಾಗಿಸಿದಿರಿ ಎಂದು ಕೇಳಿದವರು ಬಹಳ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಕ್ಕಿಂತ ಸಭೆಗೇ ಹೇಳಿಬಿಡಿ ಎಂದು ಅಪ್ಪಣೆಯಾಯಿತು.

ಮುಂಬಯಿಯ ಕನ್ನಡಿಗನಿಗೆ ರಜೆ ಎಂದರೆ ಊರು. ಊರೆಂದರೆ ತಂಗಿಯ ಮಗಳ ಮದುವೆ, ಚಿಕ್ಕಪ್ಪನ ಮನೆಯ ಗೃಹಪ್ರವೇಶ, ಹೊಲದ ಪಾಲಿನ ಪಂಚಾಯಿತಿ. ಇವೆಲ್ಲ ಮುಗಿಯುವಷ್ಟರಲ್ಲಿ ರಜೆಯೂ ಮುಗಿದಿರುತ್ತದೆ. ಸೊಲ್ಲಾಪುರ ದಾಟಿ ಗದಗಿನ ಕಡೆಗೆ ಹೋಗುವ ನಮ್ಮಂಥವರು ಪ್ರತಿ ವರ್ಷವೂ ರೈಲಿನ ಕಿಟಕಿಯಿಂದ ಗೋಳಗುಮ್ಮಟವನ್ನು ಕಂಡಿದ್ದೇವೆ. “ಅದೋ ನೋಡು” ಎಂದು ಮಕ್ಕಳಿಗೆ ತೋರಿಸಿದ್ದೇವೆ. ಅಷ್ಟರಲ್ಲಿ ಗಾಡಿ ಬಿಡುತ್ತದೆ. ಕರಾವಳಿಯ ಬಂಧುಗಳಿಗೆ ಅಷ್ಟು ದರ್ಶನವೂ ಇಲ್ಲ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗ ಅವರನ್ನು ನೇರವಾಗಿ ಮಂಗಳೂರಿಗೆ ಇಳಿಸಿಬಿಡುತ್ತದೆ. ಘಟ್ಟದ ಮೇಲಿನ ಕರ್ನಾಟಕ ಅವರ ಮಕ್ಕಳ ಪಾಲಿಗೆ ಪಠ್ಯಪುಸ್ತಕದ ಚಿತ್ರ. ಊರಿಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಒಂದು ವರ್ಷದ ರಜೆಯನ್ನಾದರೂ ದಾರಿಯಲ್ಲೇ ಇಳಿದು ಕಳೆಯೋಣ ಎನ್ನುತ್ತೇವೆ. ಏತಕ್ಕೆ ಬೇಗ ಎಂಬುದು ಬಾದಾಮಿಯ ಪ್ರಸ್ತಾಪ ಬಂದಾಗ ತಮಗೆ ತಿಳಿದೀತು.

ಮೊದಲು ದಿನಗಳ ಎಣಿಕೆ. ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ಆ ದಿನಗಳಲ್ಲಿ ಬಾದಾಮಿಯ ಬಂಡೆಗಳ ನಡುವೆ ಮುದುಕರನ್ನು ನಡೆಸುವುದು ಪ್ರವಾಸವಲ್ಲ, ಶಿಕ್ಷೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲವೇ ಆ ಸೀಮೆಗೆ ಯೋಗ್ಯ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಅಂಥದೊಂದು ಶನಿವಾರದ ಹಿಂದಿನ ರಾತ್ರಿ ಹೊರಟು, ಮರುವಾರದ ಭಾನುವಾರ ಮನೆ ಸೇರಿದರೆ ಆರು ದಿನದ ರಜೆ ಸಾಕು. ನಡುವೆ ಗಣರಾಜ್ಯ ದಿನ ಬಿದ್ದರೆ ಐದೇ. ಶನಿವಾರ, ಭಾನುವಾರ ವಿಜಯಪುರ, ಸೋಮವಾರ, ಮಂಗಳವಾರ ಬಾದಾಮಿ, ಬುಧವಾರ ಹೊಸಪೇಟೆಗೆ ಪ್ರಯಾಣ, ಗುರುವಾರ, ಶುಕ್ರವಾರ ಹಂಪಿ, ಶನಿವಾರ ಮರುಪ್ರಯಾಣ. ಇದರಲ್ಲಿ ಒಂದು ಸೂಕ್ಷ್ಮವುಂಟು. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಆದುದರಿಂದ ಕಮಲಾಪುರದ ಸಂಗ್ರಹಾಲಯವನ್ನು ನಾವು ಗುರುವಾರವೇ ಮುಗಿಸಿದೆವು.

ಎಂಟು ದಿನಕ್ಕೆ ಮೂರೇ ಊರೇ ಎಂದು ಕೆಲವರು ಹುಬ್ಬೇರಿಸಿದರು. ಕಲಬುರಗಿ, ಬೀದರಗಳನ್ನೂ ಸೇರಿಸಬಹುದಿತ್ತಲ್ಲ ಎಂದರು. ಸೇರಿಸಬಹುದಿತ್ತು, ಆಗ ನಾವು ನೋಡಿಬರುತ್ತಿದ್ದುದು ನಿಲ್ದಾಣಗಳನ್ನು. ಮೂರು ದಿನಕ್ಕೆ ಹನ್ನೊಂದು ಸ್ಥಳ ತೋರಿಸುವೆವೆಂದು ಕರಪತ್ರ ಹಂಚುವವರೂ ಇದ್ದಾರೆ. ಹಾಗೆ ಹೋಗಿಬಂದವರನ್ನು ಏನು ನೋಡಿದಿರೆಂದು ಕೇಳಿದರೆ ಊಟದ ವರ್ಣನೆ ಮಾಡುತ್ತಾರೆ.

ಇನ್ನು ಟಿಕೆಟ್ಟು. ಮುಂಗಡ ಕಾದಿರಿಸುವ ಅವಧಿ ಹಿಂದೆ 120 ದಿನವಿತ್ತು. 2024ರ ನವೆಂಬರ್ 1ರಿಂದ ಅದನ್ನು 60ಕ್ಕೆ ಇಳಿಸಿದರು. ನಮಗೆ ರಾಜ್ಯೋತ್ಸವದ ದಿನವೇ ಬಂದ ನಿಯಮವಾದ್ದರಿಂದ ನೆನಪಿಡುವುದು ಸುಲಭ. ನವೆಂಬರ್ 1ರ ಬೆಳಿಗ್ಗೆ 8 ಗಂಟೆಗೆ ಡಿಸೆಂಬರ್ 31ರ ಗಾಡಿಗಳು ತೆರೆಯುತ್ತವೆ. ಸಂಕ್ರಾಂತಿಯ ಜನವರಿ 14ಕ್ಕೆ ನವೆಂಬರ್ 15. ಜನವರಿ 26ಕ್ಕೆ ನವೆಂಬರ್ 27. ಹೋಗುವ ದಿನ ಗೊತ್ತಾದೊಡನೆ ಹಿಂದಕ್ಕೆ ಎಣಿಸಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿ. ಮರಳುವ ದಿನಕ್ಕೂ ಹಾಗೆಯೇ ಬೇರೊಂದು ಗುರುತು ಬೇಕು. ಅನೇಕರು ಇದನ್ನು ಮರೆಯುತ್ತಾರೆ.

ಐನೂರು ಕಿಲೋಮೀಟರಿಗೆ ಮೇಲ್ಪಟ್ಟ ಒಂದೇ ಟಿಕೆಟ್ಟಿನ ಮೇಲೆ, ಮೊದಲ ಐನೂರು ಕಿಲೋಮೀಟರು ಕ್ರಮಿಸಿದ ಬಳಿಕ, ನಡುವೆ ಒಂದು ಕಡೆ ಇಳಿದು ಎರಡು ದಿನ ತಂಗಿ ಮುಂದುವರಿಯಲು ರೈಲ್ವೆಯ ನಿಯಮದಲ್ಲಿ ಅವಕಾಶವಿದೆ. ಸಾವಿರ ಕಿಲೋಮೀಟರು ಮೀರಿದರೆ ಎರಡು ಕಡೆ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುವುದರಿಂದ ಒಂದೇ ಟಿಕೆಟ್ಟು ಅಗ್ಗ. ತುಂಡು ತುಂಡಾಗಿ ಕೊಂಡರೆ ಮೊತ್ತ ಕೊಂಚ ಏರುತ್ತದೆ. ಮುಂಬಯಿಯಿಂದ ವಿಜಯಪುರ ಐನೂರು ಕಿಲೋಮೀಟರಿಗೆ ಮೇಲೆಯೇ ಇದೆ, ನಿಯಮಕ್ಕೆ ಸರಿಹೊಂದುತ್ತದೆ. ಆದರೆ ಹೊಸಪೇಟೆಯವರೆಗಿನ ದೂರ ಸಾವಿರವನ್ನು ಮುಟ್ಟದಾದ್ದರಿಂದ ಇಳಿಯಲು ಸಿಗುವುದು ಒಂದೇ ಸಲ. ನಮಗೆ ಬೇಕಾಗಿದ್ದುದು ಎರಡು ಸಲ. ಕೊನೆಗೆ ನಾವು ಮಾಡಿದ ತೀರ್ಮಾನ ಇಷ್ಟು: ರಾತ್ರಿಯ ದೀರ್ಘ ಪ್ರಯಾಣಗಳಿಗೆ ಮಲಗುವ ಸ್ಥಾನ ಕಾದಿರಿಸುವುದು, ಹಗಲಿನ ಎರಡು ಮೂರು ಗಂಟೆಯ ತುಣುಕುಗಳಿಗೆ ಸಾಮಾನ್ಯ ಟಿಕೆಟ್ಟು ಕೊಂಡು ಕಿಟಕಿಯ ಬಳಿ ಕೂಡುವುದು. ಹೆಚ್ಚು ತೆತ್ತ ಹಣ ಕಿಟಕಿಯ ನೋಟಕ್ಕೆ ಸಂದಿತೆಂದು ಲೆಕ್ಕದಲ್ಲಿ ಬರೆದುಕೊಂಡೆವು.

ಮುದುಕರ ವಿಷಯದಲ್ಲಿ ಎರಡು ಮಾತು. ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದರು. ಅದನ್ನು ಎಣಿಸಿ ಅಂದಾಜು ಹಾಕಬೇಡಿ. ಆದರೆ ಕೆಳಗಿನ ಬರ್ತಿನ ಕೋಟಾ ಉಂಟು. ಅದು ದೊರೆಯುವುದು ಒಬ್ಬರು ಅಥವಾ ಹೆಚ್ಚೆಂದರೆ ಇಬ್ಬರು ಹಿರಿಯರು ಒಂದು ಟಿಕೆಟ್ಟಿನಲ್ಲಿದ್ದಾಗ ಮಾತ್ರ. ಮನೆಮಂದಿಯೆಲ್ಲರ ಹೆಸರಿನ ನಡುವೆ ಅಜ್ಜಿಯ ಹೆಸರನ್ನೂ ಸೇರಿಸಿದರೆ ಆ ಸೌಲಭ್ಯ ತಪ್ಪಿಹೋಗುತ್ತದೆ. ಆದ್ದರಿಂದ ಅಜ್ಜಿಯ ಟಿಕೆಟ್ಟನ್ನು ಬೇರೆಯಾಗಿ ತೆಗೆಸಿದೆವು. ಮಕ್ಕಳಿಗೆ ಐದು ತುಂಬಿ ಹನ್ನೆರಡು ತುಂಬದಿದ್ದರೆ, ಬರ್ತು ಬೇಕೆಂದರೆ 2016ರಿಂದ ಪೂರ್ಣ ದರ, ಬೇಡವೆಂದರೆ ಅರ್ಧ.

ವಸತಿಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ದಾರಿಯ ಒಂದು ಊರಿನಲ್ಲಿ, ಹೆಸರು ಬೇಡ, ಫೋನಿನಲ್ಲಿ ನಾಲ್ಕು ಕೋಣೆ ಒಪ್ಪಿಕೊಂಡಿದ್ದ ವಸತಿಗೃಹದವರು ನಾವು ತಲುಪುವ ಹೊತ್ತಿಗೆ ಎರಡನ್ನು ಬೇರೆಯವರಿಗೆ ಕೊಟ್ಟಿದ್ದರು. ಹೆಂಗಸರು ಮಕ್ಕಳು ಎರಡು ಕೋಣೆಗಳಲ್ಲಿ ಮಲಗಿದರು, ಗಂಡಸರು ಮಾಳಿಗೆಯ ಮೇಲೆ ಚಾಪೆ ಹಾಸಿದೆವು. ಜನವರಿಯ ಚಳಿ ಅಲ್ಲಿ ಕಡಮೆಯೇನಲ್ಲ. ಮುಂಗಡ ಕಳುಹಿಸಿ ರಸೀತಿ ತರಿಸಿಕೊಳ್ಳುವುದು ಲೇಸು.

ಹೊರಡುವ ಒಂದು ತಿಂಗಳು ಮೊದಲೇ ಸಂಘದ ಭಾನುವಾರದ ಕನ್ನಡ ವರ್ಗದಲ್ಲಿ ಮಕ್ಕಳಿಗೆ ಶತಮಾನಗಳ ಪಟ್ಟಿಯೊಂದನ್ನು ಬರೆಸಿದ್ದೆವು. ಏಕೆಂದರೆ ರೈಲು ಹೋಗುವ ಕ್ರಮ ಚರಿತ್ರೆಯ ಕ್ರಮವಲ್ಲ. ಮೊದಲು ಸಿಗುವ ಗೋಳಗುಮ್ಮಟ ಹದಿನೇಳನೆಯ ಶತಮಾನದ್ದು. ಅನಂತರದ ಬಾದಾಮಿ ಆರನೆಯದು. ಕಡೆಗೆ ಬರುವ ಹಂಪಿ ಹದಿನಾಲ್ಕರಿಂದ ಹದಿನಾರನೆಯದು. ಪಟ್ಟಿ ಇಲ್ಲದಿದ್ದರೆ ಮಕ್ಕಳ ತಲೆಯಲ್ಲಿ ಪುಲಕೇಶಿಯು ಆದಿಲಶಾಹನಿಗೆ ಮೊಮ್ಮಗನಾಗಿಬಿಡುತ್ತಾನೆ.

ನಿಜವಾದ ಪಾಠಶಾಲೆ ರೈಲಿನ ಕಿಟಕಿಯೇ. ಸೊಲ್ಲಾಪುರ ಬಿಟ್ಟ ಮೇಲೆ ಗಾಡಿ ಭೀಮಾ ನದಿಯನ್ನು ದಾಟುತ್ತದೆ. ಅಲ್ಲಿಂದ ನಿಲ್ದಾಣದ ಫಲಕಗಳಲ್ಲಿ ಕನ್ನಡ ಅಕ್ಷರ. ಇಂಡಿ ರೋಡ್, ಮಿಂಚನಾಳ, ಆಲಮಟ್ಟಿ, ಗುಳೇದಗುಡ್ಡ ರೋಡ್, ಹೊಳೆಆಲೂರು. ಮನೆಯಲ್ಲಿ ಕನ್ನಡ ಮಾತನಾಡಿದರೂ ಓದಲು ಬಾರದ ಹುಡುಗನೊಬ್ಬ ನಮ್ಮ ತಂಡದಲ್ಲಿದ್ದ. ಫಲಕ ಬಂದೊಡನೆ ಕೂಗಿ ಓದುವ ಪಂದ್ಯ ಕಟ್ಟಿದೆವು. ವಿಜಯಪುರ ಬರುವ ಹೊತ್ತಿಗೆ ಒತ್ತಕ್ಷರವಿಲ್ಲದ ಹೆಸರುಗಳನ್ನು ಅವನೇ ಬಿಡಿಸತೊಡಗಿದ್ದ. ಹೆಸರಿನ ಕೊನೆಗೆ ‘ರೋಡ್’ ಎಂದಿದ್ದರೆ ಊರು ನಿಲ್ದಾಣದಿಂದ ದೂರವಿದೆಯೆಂದು ತಿಳಿಯಬೇಕು ಎಂಬುದನ್ನೂ ಅವನಿಗೆ ಹೇಳಿಕೊಟ್ಟೆವು. ಬಾದಾಮಿಗೆ ಆ ಬಾಲವಿಲ್ಲ, ಆದರೂ ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರು! ಭೀಮೆಯ ಮೇಲೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಕೊನೆಗೆ ತುಂಗಭದ್ರೆ: ಐದು ನದಿಗಳನ್ನು ಒಂದೇ ದಾರಿಯಲ್ಲಿ ದಾಟುವ ಭಾಗ್ಯ ಎಲ್ಲ ಮಾರ್ಗಗಳಿಗೂ ಇಲ್ಲ.

ವಿಜಯಪುರದಲ್ಲಿ ಗೋಳಗುಮ್ಮಟದ ಬಾಗಿಲು ತೆರೆದ ಕೂಡಲೇ ಒಳಗೆ ಇರಬೇಕು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿಯದು. ಹೊರ ವ್ಯಾಸ ಸುಮಾರು 44 ಮೀಟರಿನ ಆ ಗುಮ್ಮಟಕ್ಕೆ ನಡುವೆ ಒಂದೂ ಕಂಬದ ಆಸರೆಯಿಲ್ಲ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿದರೆ ಪಿಸುಮಾತಿನ ಮೊಗಸಾಲೆ. ಹತ್ತು ಗಂಟೆಯ ಮೇಲೆ ಅಲ್ಲಿ ಕೇಳುವುದು ಶಾಲಾಮಕ್ಕಳ ಕೂಗಾಟ ಒಂದೇ. ಬೆಳಗಿನಲ್ಲಿ ಈ ಬದಿಯ ಗೋಡೆಗೆ ಬಾಯಿಟ್ಟು ಮೆಲ್ಲಗೆ ನುಡಿದರೆ ಆ ಬದಿಯಲ್ಲಿ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಹತ್ತಲಾರದ ಅಜ್ಜಿ ಕೆಳಗೆ ಹುಲ್ಲಿನ ಮೇಲೆ ಕುಳಿತಿದ್ದರು. ನಮ್ಮ ಮೆಚ್ಚುಗೆ ಮಾತ್ರ ಇಬ್ರಾಹಿಂ ರೋಜಾಕ್ಕೇ ಹೆಚ್ಚು. ಗೋಳಗುಮ್ಮಟ ಬೆರಗುಗೊಳಿಸುತ್ತದೆ, ರೋಜಾ ಮನಸ್ಸಿಗೆ ಹಿತವಾಗುತ್ತದೆ. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಸಂಗೀತಪ್ರೇಮಿ. ದಖನಿ ಭಾಷೆಯಲ್ಲಿ ತಾನು ರಚಿಸಿದ ‘ಕಿತಾಬ್-ಇ-ನವರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದವನು.

ಬಾದಾಮಿಗೆ ಬಂದೆವು. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮೊಡನೆ ಬಂದಿದ್ದ ಅಜ್ಜಿ ಗೆಳೆಯರೊಬ್ಬರ ತಾಯಿ. ಬಾಗಲಕೋಟೆ ಜಿಲ್ಲೆಯ ಹಳ್ಳಿಯವರು. ಮೀಟರ್ ಗೇಜಿನ ಕಾಲದಲ್ಲಿ ಸೊಲ್ಲಾಪುರದಲ್ಲಿ ಇಳಿದು, ಟ್ರಂಕು ಹೊರಿಸಿಕೊಂಡು ಸಣ್ಣ ಗಾಡಿ ಹಿಡಿದು ಎಷ್ಟೋ ಸಲ ಈ ನಿಲ್ದಾಣವನ್ನು ಹಾದವರು. ಬಾದಾಮಿಯ ಮಗ್ಗುಲಲ್ಲೇ ಇರುವ ಬನಶಂಕರಿಯ ಜಾತ್ರೆಗೆ ಲಗ್ನವಾದ ಹೊಸದರಿಂದ ಬಂದವರು. ಗುಹೆಗಳನ್ನು ಮಾತ್ರ ಕಂಡವರಲ್ಲ. ಮೊದಲನೆಯ ಗುಹೆಯವರೆಗೆ ಮೆಟ್ಟಿಲು ಹೆಚ್ಚಿಲ್ಲ. ಮಗ ಒಂದು ಕೈ, ಮೊಮ್ಮಗಳು ಒಂದು ಕೈ ಹಿಡಿದು, ಎರಡು ಕಡೆ ಕೂಡಿಸಿ ಮೇಲೆ ತಂದರು. ಹದಿನೆಂಟು ತೋಳಿನ ನಟರಾಜನ ಮುಂದೆ ಕೈಮುಗಿದು ಬಹಳ ಹೊತ್ತು ನಿಂತರು. ಆಮೇಲೆ ಮಗನ ಕಡೆಗೆ ತಿರುಗಿ, “ಇಷ್ಟ ಹತ್ತರ ಇತ್ತಲ್ಲೋ ತಮ್ಮಾ. ಐವತ್ತ ವರ್ಷ ಜಾತ್ರಿಗೆ ಬಂದೇನಿ, ಯಾರೂ ಈ ಕಡೆ ಕರಕೊಂಡ ಬರಲಿಲ್ಲ ನೋಡು” ಎಂದರು. ದೂರಿದ ದನಿಯಲ್ಲ, ಸುಮ್ಮನೆ ಹೇಳಿದ ಮಾತು. ಮಗ ಉತ್ತರ ಕೊಡಲಿಲ್ಲ. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು, ಚೆಲುವಾದುದು. ಅದಕ್ಕೆ ಇನ್ನೂ ಮೆಟ್ಟಿಲು ಹತ್ತಬೇಕು. ಅಜ್ಜಿ ನೋಡಿದರು, ಮೊಣಕಾಲು ಮುಟ್ಟಿಕೊಂಡರು, “ನೀವು ಹೋಗಿ ಬರ್ರಿ” ಎಂದು ಅಲ್ಲೇ ಕುಳಿತರು. ಹತ್ತು ವರ್ಷ ಮೊದಲಾಗಿದ್ದರೆ ಅವರು ನಮಗಿಂತ ಮುಂಚೆ ಹತ್ತುತ್ತಿದ್ದರು. ನಮ್ಮ ಮನೆಗಳಲ್ಲಿ ಇಂಥ ತಂದೆತಾಯಿಗಳು ಎಷ್ಟು ಮಂದಿ ಇದ್ದಾರೆ, ಅವರ ಮೊಣಕಾಲುಗಳಿಗೆ ಇನ್ನೆಷ್ಟು ವರ್ಷದ ಶಕ್ತಿ ಉಳಿದಿದೆ, ತಾವೇ ಲೆಕ್ಕ ಹಾಕಿರಿ. ಬೇಗ ಹೊರಡಬೇಕೆಂದದ್ದು ಇದಕ್ಕೆ.

ಆ ಮೂರನೆಯ ಗುಹೆಯನ್ನು ಕೊರೆಸಿದವನು ಮಂಗಲೇಶ. ಅಲ್ಲಿಯ ಶಾಸನದ ಕಾಲ 578. ಅವನದೇ ಒಂದು ಕನ್ನಡ ಶಾಸನವೂ ಅಲ್ಲಿದೆ. ಕೆರೆಯ ಆಚೆ ದಡದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ತ್ರಿಪದಿಯ ಬಹಳ ಹಳೆಯ ಮಾದರಿ ಅದರಲ್ಲಿದೆ. ಜನ ಅತ್ತ ಹೋಗುವುದು ಕಡಮೆ. ಫಲಕ ಓದುವ ಪಂದ್ಯದ ಹುಡುಗ ಅಲ್ಲಿಯೂ ಓದಲು ನಿಂತ; ಒಂದಕ್ಷರವೂ ತಿಳಿಯದೆ, “ಇದು ಕನ್ನಡವಲ್ಲ” ಎಂದು ತೀರ್ಪು ಕೊಟ್ಟ. ಅಕ್ಷರಗಳೂ ಮನುಷ್ಯರಂತೆ ಕಾಲಕಾಲಕ್ಕೆ ಮುಖ ಬದಲಿಸುತ್ತವೆಂದು ಅವನಿಗೆ ಹೇಳುವಷ್ಟರಲ್ಲಿ ಮಂಗವೊಂದು ಅವನ ಕೈಯ ಬಾಳೆಹಣ್ಣು ಕಸಿದುಕೊಂಡು ಹೋಗಿ ಪಾಠ ಅಲ್ಲಿಗೇ ಮುಗಿಯಿತು. ಬಾದಾಮಿಯಲ್ಲಿ ತಿಂಡಿಯನ್ನು ಚೀಲದಿಂದ ಹೊರಗೆ ತೆಗೆಯಬಾರದು.

ಮರುದಿನ ಬಾಡಿಗೆಯ ಗಾಡಿ ಮಾಡಿಕೊಂಡು 22 ಕಿಲೋಮೀಟರು ದೂರದ ಪಟ್ಟದಕಲ್ಲಿಗೆ ಹೋದೆವು. ಅದು ಸಮನೆಲ; ಅಜ್ಜಿ ಎಲ್ಲವನ್ನೂ ಕಂಡರು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಅಲ್ಲಿದೆ. ಗೆದ್ದ ಅರಸ ಕಂಚಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಮರಳಿ ಬಿಟ್ಟುಕೊಟ್ಟನೆಂದು ಆ ದೇವಾಲಯದಲ್ಲೇ ಕನ್ನಡ ಶಾಸನ ಹಾಕಿಸಿದ್ದಾನೆ. ತಿಜೋರಿಯ ಬೀಗದ ಕೈ ಕೈಗೆ ಬಂದ ಮೇಲೂ ಮುಟ್ಟದೆ ಹಿಂದಿರುಗಿಸಿದವನ ಮೇಲೆ ಬ್ಯಾಂಕಿನವರಾದ ನಮಗೆ ವಿಶೇಷ ಗೌರವ. ಐಹೊಳೆಯನ್ನು ಬೇಕೆಂದೇ ಬಿಟ್ಟೆವು. ರವಿಕೀರ್ತಿಯ 634ರ ಶಾಸನವುಳ್ಳ ಮೇಗುತಿ ಬಸದಿಯನ್ನು ಅರ್ಧ ಗಂಟೆಯಲ್ಲಿ ನೋಡಿದೆವೆಂದು ಹೇಳಿಕೊಳ್ಳುವುದಕ್ಕಿಂತ ಇನ್ನೊಮ್ಮೆ ಬರುವುದು ಮೇಲು.

ಬಾದಾಮಿಯಿಂದ ಗದಗಿಗೆ, ಅಲ್ಲಿಂದ ಕೊಪ್ಪಳದ ಮೇಲೆ ಹೊಸಪೇಟೆಗೆ. ಗದಗು ಬಿಟ್ಟ ಮೇಲಿನ ಎರಡು ಗಂಟೆಗೂ ಕಡಮೆ ಹಿಡಿಯುವ ಆ ದಾರಿಯಲ್ಲಿ ನೋಡತಕ್ಕ ಕಟ್ಟಡವೇನೂ ಇಲ್ಲ. ಬಯಲು, ಬಂಡೆ, ಹತ್ತಿಯ ಹೊಲ. ಆದರೆ ಈ ಸಭೆಗೆ ಅದಕ್ಕಿಂತ ಸಂಬಂಧಪಟ್ಟ ದಾರಿ ಬೇರೆ ಇಲ್ಲವೆಂದು ನಮ್ಮ ಭಾವನೆ. 1953ಕ್ಕೆ ಮೊದಲು ಗದಗಿನಲ್ಲಿ ಗಾಡಿ ಹತ್ತಿದವನು ಹತ್ತುತ್ತಿದ್ದುದು ಮುಂಬಯಿ ರಾಜ್ಯದಲ್ಲಿ. ಕೊಪ್ಪಳ ಬಂದಾಗ ಹೈದರಾಬಾದ್ ರಾಜ್ಯ. ತುಂಗಭದ್ರೆಯ ಸೇತುವೆ ದಾಟಿ ಹೊಸಪೇಟೆಯಲ್ಲಿ ಇಳಿದರೆ ಮದರಾಸು ರಾಜ್ಯ. ಉದ್ದಕ್ಕೂ ಮಾತು ಕನ್ನಡ, ಕಚೇರಿಗಳು ಮಾತ್ರ ಮೂರು ಸರಕಾರದವು. 1953ರಲ್ಲಿ ಬಳ್ಳಾರಿಯ ಕನ್ನಡ ಭಾಗ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಉಳಿದೆರಡೂ ಬಂದುವು. 1973ರಲ್ಲಿ ಕರ್ನಾಟಕವೆಂಬ ಹೆಸರಾಯಿತು. ನಾವು ಇಂದು ಯಾವುದರ ಉತ್ಸವ ಮಾಡುತ್ತಿದ್ದೇವೆಂಬುದನ್ನು ಮಕ್ಕಳಿಗೆ ಭಾಷಣದಿಂದ ತಿಳಿಸುವುದು ಕಷ್ಟ. ಆ ಸೇತುವೆಯ ಮೇಲೆ ಗಾಡಿ ಸದ್ದು ಮಾಡುತ್ತ ಹೋಗುವಾಗ, “ಇಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುತ್ತಿತ್ತು” ಎಂದೆವು. ಎಲ್ಲರೂ ಕಿಟಕಿಗೆ ಬಂದರು.

ಹಂಪಿ ಹೊಸಪೇಟೆಯಿಂದ 13 ಕಿಲೋಮೀಟರು. 1336ರಲ್ಲಿ ಮೊದಲಾಯಿತೆನ್ನುವ ವಿಜಯನಗರದ ವೈಭವವನ್ನು ಹೇಳಲು ನಮಗೆ ಯೋಗ್ಯತೆಯಿಲ್ಲ, ಹೊತ್ತೂ ಇಲ್ಲ. ಎರಡು ದಿನದಲ್ಲಿ ಮುಗಿಯುವ ಸ್ಥಳವೂ ಅದಲ್ಲ. ಬೆಳಿಗ್ಗೆ ಬೇಗ ವಿರೂಪಾಕ್ಷ ದೇವಾಲಯಕ್ಕೆ ಹೋಗಿ, ಕತ್ತಲೆ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳನ್ನು ಮಕ್ಕಳಿಗೆ ತೋರಿಸಿರಿ. ವಿಠ್ಠಲ ದೇವಾಲಯಕ್ಕೆ ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ; ಅಲ್ಲಿಂದ ಬ್ಯಾಟರಿಯ ಗಾಡಿ ಇರುವುದರಿಂದ ಮುದುಕರಿಗೆ ತೊಂದರೆಯಿಲ್ಲ. ಅಲ್ಲಿ ಕೊಂಡ ಟಿಕೆಟ್ಟನ್ನು ಜೋಪಾನವಾಗಿಡಿ, ಅದೇ ದಿನ ಕಮಲಮಹಲಿನ ಆವರಣಕ್ಕೂ ಅದು ನಡೆಯುತ್ತದೆ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವುದು ಇಲ್ಲಿಯ ಕಲ್ಲಿನ ರಥ. ದಿನಕ್ಕೆ ಎಷ್ಟೋ ಸಲ ಅದನ್ನು ಬೆರಳಿನ ಕೆಳಗೆ ಎಣಿಸಿ ರಬ್ಬರು ಬ್ಯಾಂಡು ಹಾಕಿದ ನಾವು, ಆ ರಥದ ಮುಂದೆ ನಿಂತಾಗ ಎಣಿಕೆ ಮರೆತೆವು.

ಅಲ್ಲಿ ನಮ್ಮ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಹೇಳದಿದ್ದರೆ ವರದಿ ಅಪೂರ್ಣ. 1565ರ ಯುದ್ಧದಲ್ಲಿ ವಿಜಯಪುರದವರೂ ಸೇರಿ ಸುಲ್ತಾನರು ಗೆದ್ದರು, ಈ ಪಟ್ಟಣ ಹಾಳಾಯಿತು ಎಂದು ಮಾರ್ಗದರ್ಶಿ ವಿವರಿಸುತ್ತಿದ್ದ. ಅವಳು, “ನಾವು ಎರಡೂ ಊರು ನೋಡಿದೆವಲ್ಲ, ಇವರಲ್ಲಿ ನಮ್ಮವರು ಯಾರು?” ಎಂದಳು. ನಾಲ್ಕು ಮನೆಯ ಹಿರಿಯರು ನಾಲ್ಕು ಉತ್ತರ ಕೊಟ್ಟೆವು, ಅವಳಿಗೆ ಒಂದೂ ಒಪ್ಪಿಗೆಯಾಗಲಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಅಜ್ಜಿ, “ಎರಡೂ ಊರಾಗ ರೊಟ್ಟಿ ಒಂದ ನಮೂನಿ ಇತ್ತಲ್ಲ” ಎಂದರು. ಹುಡುಗಿ ನಕ್ಕಳು, ಚರ್ಚೆ ಮಾತ್ರ ಈಗಲೂ ಮುಗಿದಿಲ್ಲ.

ಖರ್ಚಿನ ಮಾತು ಕಡೆಯದು. ತಿಂಗಳಿಗೆ ಮೂರು ಸಾವಿರದಂತೆ ಹತ್ತು ತಿಂಗಳ ಆವರ್ತಕ ಠೇವಣಿಯನ್ನು ಪ್ರತಿ ಮನೆಯವರೂ ಮೊದಲೇ ತೆರೆದಿದ್ದೆವು. ಹಣ ಕೈಯಲ್ಲಿದ್ದಾಗ ಪ್ರವಾಸ ಮಾಡೋಣವೆಂದರೆ ಅದು ಎಂದೂ ಕೈಯಲ್ಲಿರುವುದಿಲ್ಲ. ಪುರಾತತ್ವ ಇಲಾಖೆಯ ಸ್ಥಳಗಳಲ್ಲಿ ಹದಿನೈದು ತುಂಬದ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಮರಳುವಾಗ ಹುಬ್ಬಳ್ಳಿ, ಬೆಳಗಾವಿ, ಮಿರಜ ಮಾರ್ಗವಾಗಿ ಬಂದರೆ ಹೋದ ದಾರಿಯನ್ನೇ ತುಳಿದಂತಾಗದು. ಬೆಳಗಾವಿಯ ಕುಂದಾವೂ ಸಿಗುತ್ತದೆ.

ನಮ್ಮ ಎಂಟು ದಿನಗಳ ಕೋಷ್ಟಕವನ್ನೂ ಖರ್ಚಿನ ಪಟ್ಟಿಯನ್ನೂ ಪ್ರತಿ ಮಾಡಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಗಾಡಿಗಳ ವೇಳೆ ಬದಲಾಗುತ್ತಿರುತ್ತದೆ, ಹೊಸದನ್ನು ನೋಡಿ ತಿದ್ದಿಕೊಳ್ಳಿ. ಇಪ್ಪತ್ತು ರೂಪಾಯಿಯ ನೋಟಿನ ಮೇಲೆ ಎಲ್ಲೋರ ಇದೆ. ಅಲ್ಲಿಯ ಕೈಲಾಸ ರಾಷ್ಟ್ರಕೂಟರ ಕೃಷ್ಣನದು, ನಮ್ಮ ಮುಂಬಯಿಗೆ ದೂರವೂ ಅಲ್ಲ. ಮುಂದಿನ ಚಳಿಗಾಲಕ್ಕೆ ಅದನ್ನು ಇಟ್ಟುಕೊಂಡಿದ್ದೇವೆ. ಬರುವವರು ಹೆಸರು ಬರೆಸಬಹುದು. ಮುದುಕರ ಹೆಸರು ಮೊದಲು, ಅವರ ಟಿಕೆಟ್ಟು ಬೇರೆ ತೆಗೆಸಬೇಕಲ್ಲವೇ!